ಮಗ್ಗಿಯಲ್ಲಿ ಸಿಗದ ಜೋಡಿ

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ, ಹತ್ತನೆಯ ತರಗತಿಯಲ್ಲಿ ವರ್ಗ ಸಮೀಕರಣದ ಪಾಠ ಆರಂಭವಾದ ವಾರದಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: “ಜೋಡಿ ಸಿಗವಲ್ದ್ರಿ ಸರ್, ಇದು ಆಗಂಗಿಲ್ಲ.” ಕಳೆದ ಸಲ ಅದು ಕೇಳಿಬಂದದ್ದು ಯ² − 6ಯ + 7 ಎಂಬ ಬಹುಪದೋಕ್ತಿಯ ಮುಂದೆ. (ಪಠ್ಯಪುಸ್ತಕದ ಎಕ್ಸ್ ಬದಲು ಇಲ್ಲಿ ಯ ಬಳಸಿದ್ದೇನೆ, ಭಾಸ್ಕರಾಚಾರ್ಯರು ತಿಳಿಯದ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು, ಚುಟುಕಾಗಿ ‘ಯಾ’ ಎಂದು ಬರೆಯುತ್ತಿದ್ದರು.) ಅದನ್ನು ಅಪವರ್ತಿಸಲು, ಅಂದರೆ ಎರಡು ಆವರಣಗಳ ಗುಣಲಬ್ಧವಾಗಿ ಬರೆಯಲು, ನಡುವಿನ ಪದವನ್ನು ಒಡೆಯಹೊರಟ ವಿದ್ಯಾರ್ಥಿನಿ, ಗುಣಲಬ್ಧ 7, ಮೊತ್ತ −6 ಆಗುವ ಎರಡು ಸಂಖ್ಯೆಗಳನ್ನು ಹುಡುಕುತ್ತಿದ್ದಳು. −1 ಮತ್ತು −7 ಕೂಡಿದರೆ −8 ಬಂತು. ಬೇರೆ ಜೋಡಿ ತೋಚದೆ ಖಡು ಕೆಳಗಿಟ್ಟಳು.

ಆ ಜೋಡಿ ಇದೆ. ಮಗ್ಗಿಯಲ್ಲಿ ಇಲ್ಲ, ಅಷ್ಟೆ. ಮೊತ್ತ −6 ಆಗುವ ಎರಡು ಸಂಖ್ಯೆಗಳು −3ರ ಆಚೀಚೆ ಸಮದೂರದಲ್ಲಿಯೇ ಇರಬೇಕು. ಆ ದೂರವನ್ನು ದ ಎಂದುಕೊಂಡರೆ ಅವುಗಳ ಗುಣಲಬ್ಧ 9 − ದ² ಆಗುತ್ತದೆ; ಅದು 7ಕ್ಕೆ ಸಮವಾಗಬೇಕಾದರೆ ದ² = 2, ಅಂದರೆ ದೂರ √2. ಹೀಗಾಗಿ ಯ² − 6ಯ + 7 = (ಯ − 3 − √2)(ಯ − 3 + √2). ದಶಮಾಂಶದಲ್ಲಿ ಹೇಳುವುದಾದರೆ, ಹುಡುಗಿ ಅರಸುತ್ತಿದ್ದದ್ದು ಸುಮಾರು −4.414 ಮತ್ತು −1.586 ಎಂಬ ಸಂಖ್ಯೆಗಳನ್ನು. ವರ್ಗ ಪೂರ್ಣಗೊಳಿಸಿ (ಯ − 3)² − 2 ಎಂದು ಬರೆಯುವ ವಿಧಾನದ ಒಳಗಿರುವುದೂ ಇದೇ ಲೆಕ್ಕ. ಆದರೆ ‘ದೂರ’ ಎಂದು ಹೇಳಿದಾಗ ಮಕ್ಕಳಿಗೆ ಅದು ಬೇಗ ಹಿಡಿಸುವುದನ್ನು ಕಂಡಿದ್ದೇನೆ.

ಹುಡುಕಾಟಕ್ಕೆ ಇಳಿಯುವ ಮೊದಲೇ ಶೋಧಕವನ್ನು, ಅಂದರೆ ಯ ಮುಂದಿನ ಸಂಖ್ಯೆಯ ವರ್ಗದಿಂದ ಮೊದಲ (ಯ² ಮುಂದಿನ) ಮತ್ತು ಕೊನೆಯ ಸಂಖ್ಯೆಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆದರೆ ಬರುವುದನ್ನು, ನೋಡುವುದು ಜಾಣತನ. ಇಲ್ಲಿ ಅದು 36 − 28 = 8. ಸಹಗುಣಕಗಳು (ಈ ಮೂರು ಸಂಖ್ಯೆಗಳು) ಪೂರ್ಣಾಂಕಗಳಾಗಿರುವಾಗ ಶೋಧಕ ಪೂರ್ಣವರ್ಗವಾಗಿದ್ದರೆ ಮಾತ್ರ ಭಾಗಲಬ್ಧ ಸಂಖ್ಯೆಗಳ (ಪೂರ್ಣಾಂಕ, ಭಿನ್ನರಾಶಿಗಳ) ಅಪವರ್ತನಗಳು ಸಿಗುತ್ತವೆ. ಧನಾತ್ಮಕವಾಗಿದ್ದೂ ಪೂರ್ಣವರ್ಗವಲ್ಲದಿದ್ದರೆ ಕರಣಿಗಳು (√2ರಂಥ ಸಂಖ್ಯೆಗಳು) ಬರುತ್ತವೆ. ಯ² + 4ಯ + 7ರಲ್ಲಿ ಶೋಧಕ −12. ಇದನ್ನು (ಯ + 2)² + 3 ಎಂದು ಬರೆದರೆ ಬೆಲೆ 3ಕ್ಕಿಂತ ಕೆಳಗಿಳಿಯದು, ಸೊನ್ನೆಯಂತೂ ಆಗದು. ಆದ್ದರಿಂದ ವಾಸ್ತವ ಸಂಖ್ಯೆಗಳಲ್ಲಿ ಅಪವರ್ತನವಿಲ್ಲ. ‘ಅಪವರ್ತಿಸಲಾಗದು’ ಎಂದಷ್ಟೇ ಬರೆದ ಉತ್ತರದ ಪಕ್ಕದಲ್ಲಿ ‘ಯಾವ ಸಂಖ್ಯೆಗಳಲ್ಲಿ?’ ಎಂದು ನಾನು ಕೆಂಪು ಶಾಯಿಯಲ್ಲಿ ಕೇಳುವುದು ಇದಕ್ಕಾಗಿಯೇ.

ಅಂಕಗಳು ಹೆಚ್ಚಾಗಿ ಸೋರುವುದು ಬೇರೆ ಕಡೆ. 2ಯ² − 4ಯ − 1ರ ಮೂಲಗಳನ್ನು (ಅದನ್ನು ಸೊನ್ನೆಯಾಗಿಸುವ ಯ ಬೆಲೆಗಳನ್ನು) 1 ± √6/2 ಎಂದು ಸರಿಯಾಗಿ ಕಂಡುಹಿಡಿದವರು ಎರಡು ಆವರಣಗಳನ್ನು ಬರೆದು ಪೆನ್ನು ಮುಚ್ಚುತ್ತಾರೆ. ಅವನ್ನು ಗುಣಿಸಿದರೆ ಬರುವುದು ಯ² − 2ಯ − ½, ಅಂದರೆ ಕೇಳಿದ್ದರ ಅರ್ಧ. ಆವರಣಗಳ ಮುಂದೆ 2 ಇರಲೇಬೇಕು.