ಜಗಲಿ ಹೋಯ್ತು, ಸ್ಟಿಲ್ಟ್ ಬಂತು

ಬೆಂಗಳೂರಿನ ನಮ್ಮ ಕ್ರಾಸಿನಲ್ಲಿ ಹೋದ ವರ್ಷ ಒಂದು ಹಳೇ ಮನೆ ಒಡೆದರು. ಮುಂದೆ ರೆಡ್ ಆಕ್ಸೈಡ್ ಜಗಲಿ, ಎರಡು ಕಲ್ಲಿನ ಕಂಬ ಇದ್ದ ಮನೆ. ಬೆಳಿಗ್ಗೆ ಸೊಪ್ಪಿನಮ್ಮ ಬುಟ್ಟಿ ಇಳಿಸುತ್ತಿದ್ದದ್ದು ಆ ಜಗಲಿ ಮೇಲೆಯೇ. ಈಗ ಅಲ್ಲಿ ಸ್ಟಿಲ್ಟ್ ಪ್ಲಸ್ ನಾಲ್ಕು ಎದ್ದಿದೆ: ನೆಲಮಟ್ಟದಲ್ಲಿ ಬರೀ ಕಂಬ, ಅದರ ಮೇಲೆ ನಾಲ್ಕು ಮಹಡಿ. ಕೆಳಗೆ ಎರಡು ಕಾರು, ಒಂದಷ್ಟು ಬೈಕು, ಆಳೆತ್ತರದ ಕಬ್ಬಿಣದ ಗೇಟು. ಸೊಪ್ಪಿನಮ್ಮ ರಸ್ತೆಯಲ್ಲೇ ನಿಂತು ಮೂರನೇ ಮಹಡಿಗೆ ಕೂಗು ಹಾಕುತ್ತಾರೆ.

"ಅಕ್ರಮ ಕಟ್ಟಡ ಜಾಸ್ತಿ ಆಯ್ತು, ಅದಕ್ಕೇ ಊರು ಹೀಗಾಯ್ತು" ಅನ್ನುವವರೇ ಎಲ್ಲ. ಸುಳ್ಳಲ್ಲ. ಆದರೆ ಆ ಮನೆಯ ನಾಲ್ಕನೇ ಮಹಡಿ ಅಕ್ರಮ ಇರಬಹುದು, ಗೇಟಿನ ಹಿಂದಿನ ಆ ನೆಲಮಟ್ಟ ಮಾತ್ರ ಪಕ್ಕಾ ಸಕ್ರಮ. ಬೀದಿಯನ್ನು ಬೋಳು ಮಾಡಿದ್ದು ಅದೇ. ಇದು ಹೇಗಾಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಯಾವ ಮಾಸ್ಟರ್ ಪ್ಲಾನೂ ಇರಲಿಲ್ಲ. ಹಾಗಂತ ವ್ಯವಸ್ಥೆಯೇ ಇರಲಿಲ್ಲ ಅಂತಲ್ಲ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ: ಯಾವ ಕಸುಬು ಯಾವ ಬೀದಿಯಲ್ಲಿ ಅನ್ನುವುದು ಹೆಸರಲ್ಲೇ ಇದೆ. ಕಟ್ಟಡದ ನಮೂನೆಯೂ ಹೆಚ್ಚುಕಮ್ಮಿ ಒಂದೇ. ಮುಂದೆ ಅಂಗಡಿ, ಹಿಂದೆ ಸರಕು, ಮೇಲೋ ಒಳಗೋ ಸಂಸಾರ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಬಾಗಿಲು ತೆಗೆದರೆ ಬೀದಿ.

1809ರಲ್ಲಿ ಬ್ರಿಟಿಷರ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, ಬಂತು, ಅದರ ಜೊತೆಗೇ ಬಂಗಲೆ. ದೊಡ್ಡ ಕಾಂಪೌಂಡು, ನಟ್ಟನಡುವೆ ಮನೆ, ಕಿಟಕಿಗಳ ಮೇಲೆ ಮಂಕಿ ಟಾಪ್ ಅಂತ ಕರೆಯುವ ಚೂಪು ಮರದ ಟೊಪ್ಪಿಗೆ. ಇಲ್ಲಿ ಮನೆ ಬೀದಿಯನ್ನು ಮುಟ್ಟುವುದೇ ಇಲ್ಲ. ನಡುವೆ ಗಿಡಮರ, ಗಾಡಿ ಬರುವ ದಾರಿ. ಸುಮಾರು 90 ವರ್ಷ ಈ ಎರಡು ನಮೂನೆ ಅಕ್ಕಪಕ್ಕ ಇದ್ದವು, ಒಂದರ ಗೊಡವೆ ಇನ್ನೊಂದಕ್ಕೆ ಇರಲಿಲ್ಲ.

ಎರಡನ್ನೂ ಬೆಸೆದದ್ದು ಪ್ಲೇಗು. 1898ರಲ್ಲಿ ಪಿಡುಗು ಪೇಟೆಯ ಒತ್ತೊತ್ತು ಮನೆಗಳಿಗೆ ನುಗ್ಗಿದಾಗ ಜನ ಊರು ಬಿಟ್ಟು ಓಡಿದರು. ಗಾಳಿ ಬೆಳಕು ಇಲ್ಲದ್ದೇ ರೋಗಕ್ಕೆ ಮೂಲ ಅನ್ನುವ ಮಾತು ಗಟ್ಟಿಯಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಅಗಲ ರಸ್ತೆ, ಅಳೆದು ಕೊಟ್ಟ ಸೈಟು, ಮನೆ ಸುತ್ತ ಖಾಲಿ ಜಾಗ, ಹಿಂದೆ ಮಲ ಹೊರುವ ಗಾಡಿ ಓಡಾಡೋಕೆ ಕನ್ಸರ್ವೆನ್ಸಿ ಗಲ್ಲಿ ಬಂದವು. ಬಂಗಲೆಯ ಆಸೆ ಮಧ್ಯಮ ವರ್ಗಕ್ಕೆ ಇಳಿದದ್ದು ಹೀಗೆ.

ಆದರೆ ಜನ ಪೇಟೆಯನ್ನು ಪೂರ್ತಿ ಬಿಟ್ಟು ಬರಲಿಲ್ಲ. ಅಗಲ ಸೈಟಿನೊಳಗೇ ವಠಾರ ಕಟ್ಟಿದರು. ನಡುವೆ ಅಂಗಳ, ಎದುರುಬದುರು ಎರಡೆರಡು ಕೋಣೆಯ ಮನೆಗಳ ಸಾಲು, ಎಲ್ಲರಿಗೂ ಒಂದೇ ನಲ್ಲಿ, ಒಂದೇ ಬಚ್ಚಲು, ಸಾಲದ್ದಕ್ಕೆ ಮುಂದಿನ ಮನೆಯಲ್ಲೇ ಮಾಲೀಕರ ಕಾವಲು. ಅಲ್ಲಿ ಜಗಳ ಇತ್ತು, ಬೆಳಿಗ್ಗೆ ಕೊಡಗಳ ಸಾಲು ಇತ್ತು. ಹಳೇ ದಿನ ಅಂತ ಸುಮ್ನೆ ಹೊಗಳೋದು ಬೇಡ. ಆದರೂ ಗುಮಾಸ್ತರು, ಓದೋಕೆ ಬಂದ ಹುಡುಗರು, ಹೊಸದಾಗಿ ಮದುವೆಯಾದವರು ಒಳ್ಳೇ ಬಡಾವಣೆಯಲ್ಲಿ ಕಡಿಮೆ ಬಾಡಿಗೆಗೆ ಇರೋಕೆ ಸಾಧ್ಯವಾಗಿದ್ದು ವಠಾರದಿಂದ. ಬಾಗಿಲಾಚೆಯ ಜಗಲಿಯೂ ಹಾಗೇ ಉಳಿಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಡಾವಣೆ ಮಾಡುವುದು ಸರ್ಕಾರದ ಖಾಯಂ ಕೆಲಸವಾಯಿತು. 1945ರಲ್ಲಿ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್), 1961ರಲ್ಲಿ ನಗರ ಯೋಜನಾ ಕಾಯ್ದೆ, 1976ರಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ). ಅಷ್ಟರಲ್ಲಿ ಸೈಟು ಕುಗ್ಗಿ ತರ್ಟಿ ಫಾರ್ಟಿಗೆ, ಅಂದರೆ 30 ಅಡಿಗೆ 40 ಅಡಿಗೆ, ಬಂದು ನಿಂತಿತ್ತು, ಟ್ವೆಂಟಿ ತರ್ಟಿಯೂ ಶುರುವಾಯಿತು. ಬಂಗಲೆಯ ನಿಯಮ ಮಾತ್ರ ಬಿಡಲಿಲ್ಲ: ಸುತ್ತ ಜಾಗ ಬಿಡಬೇಕು. ಅದಕ್ಕೆ ಸೆಟ್‌ಬ್ಯಾಕ್ ಅನ್ನುವ ಹೆಸರು. ಎಕರೆಗಟ್ಟಲೆ ಇದ್ದ ಕಾಂಪೌಂಡು ಮೇಸ್ತ್ರಿಗಳ ಬಾಯಲ್ಲಿ "ಮೂರಡಿ ಬಿಡೋದು" ಆಯಿತು.

ಆ ಮೂರಡಿಯನ್ನು ಹತ್ತಿರದಿಂದ ನೋಡಿದ್ದೀರಾ? ನಮ್ಮ ಪಕ್ಕದ ಸಂದಿಯಲ್ಲಿ ಸಂಪಿನ ಮೋಟರು, ಒಡೆದ ಕಮೋಡು, ಒಂದು ಒಣಗಿದ ತುಳಸಿ ಕುಂಡ ಇವೆ. ಪಕ್ಕದ ಮನೆಯ ಎಕ್ಸಾಸ್ಟ್ ಫ್ಯಾನು ಒಗ್ಗರಣೆ ಹೊಗೆಯನ್ನು ನೇರ ನಮ್ಮ ಮಲಗುವ ಕೋಣೆಗೆ ತಳ್ಳುತ್ತದೆ. ಗಾಳಿ ಬೆಳಕಿಗೆ ಬಿಟ್ಟ ಜಾಗ ಅದು! ಅದರ ಬದಲು ಪೇಟೆಯಂತೆ ಒಂದೇ ಗೋಡೆ ಹಂಚಿಕೊಂಡು, ನಡುವೆ ಒಂದು ತೆರೆದ ತೊಟ್ಟಿ ಅಂಗಳ ಬಿಟ್ಟಿದ್ದರೆ ಎರಡೂ ಮನೆಗೆ ಗಾಳಿ ಬರುತ್ತಿತ್ತು ಅಂತ ನನ್ನ ಲೆಕ್ಕ.

ಇನ್ನು ಮಾಸ್ಟರ್ ಪ್ಲಾನು. ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವ್ಯಾಪಾರ. ಯಾವ ಜಾಗದಲ್ಲಿ ಏನು ನಡೆಯಬೇಕು ಅಂತ ಅದು ಹೇಳುತ್ತದೆ. ಎಷ್ಟು ಕಟ್ಟಬಹುದು ಅಂತ ಎಫ್‌ಎಆರ್ ಹೇಳುತ್ತದೆ: ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. 2007ರಲ್ಲಿ ಜಾರಿಗೆ ಬಂದ, 2015ರ ಹೆಸರಿನ ಪ್ಲಾನಿನಲ್ಲಿ ಸಣ್ಣ ವಸತಿ ಸೈಟಿಗೆ 1.75. ಅಂದರೆ 1200 ಚದರಡಿ ಸೈಟಿನಲ್ಲಿ ಒಟ್ಟು 2100 ಚದರಡಿ. ಕಾರು ನಿಲ್ಲಿಸುವ ಸ್ಟಿಲ್ಟ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಕಟ್ಟಿಸುವವರು ಕೂಡಿ ಕಳೆದು ನೋಡುತ್ತಾರೆ. ಕೆಳಗೆ ಒಂದು ರೂಮು ಹಾಕಿದರೆ ಅಷ್ಟು ಚದರಡಿ ಖರ್ಚು, ಕಾರು ನಿಲ್ಲಿಸಿದರೆ ಪುಕ್ಕಟೆ. ಜಗಲಿ ಯಾರಿಗೆ ಬೇಕು? ಮುಂಬಾಗಿಲು ಬೀದಿಗೆ ತೆರೆಯಲಿ, ನೆಲಮಟ್ಟದಲ್ಲಿ ಒಂದು ಕಿಟಕಿಯಾದರೂ ಇರಲಿ ಅಂತ ಕೇಳುವ ಸಾಲು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಅಕ್ರಮ ಸಕ್ರಮವೂ ಚದರಡಿಯ ಲೆಕ್ಕವೇ. ಮನೆಗೆ ಶೇ 50ರವರೆಗೆ, ವ್ಯಾಪಾರಿ ಕಟ್ಟಡಕ್ಕೆ ಶೇ 25ರವರೆಗೆ ಉಲ್ಲಂಘನೆ ಇದ್ದರೆ ದಂಡ ಕಟ್ಟಿಸಿಕೊಂಡು ಸರಿ ಮಾಡುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ವರ್ಷ ಹೊರಬಂದ 2031ರ ಕರಡು ಪ್ಲಾನೂ ಆಮೇಲೆ ವಾಪಸ್ ಹೋಯಿತು.

ನಮ್ಮ ಕ್ರಾಸಿನ ಕೊನೆಯಲ್ಲಿ ಇನ್ನೊಂದು ಸ್ಟಿಲ್ಟ್ ಮನೆ ಇದೆ. ಮಾಲೀಕರಿಗೆ ಒಂದೇ ಕಾರು. ಉಳಿದ ಜಾಗದಲ್ಲಿ ಇಸ್ತ್ರಿಯವರಿಗೆ ಮೇಜು ಹಾಕೋಕೆ ಬಿಟ್ಟಿದ್ದಾರೆ, ಹಗಲೆಲ್ಲ ಗೇಟು ತೆಗೆದೇ ಇರುತ್ತದೆ. ಮೇಜಿನ ಪಕ್ಕ ಒಂದು ಕಲ್ಲು ಚಪ್ಪಡಿ. ಸೊಪ್ಪಿನಮ್ಮ ಈಗ ಬುಟ್ಟಿ ಇಳಿಸೋದು ಅದರ ಮೇಲೆ. ಬೆಳಿಗ್ಗೆ ಎಂಟಕ್ಕೆ ಹೋದರೆ ನಾಲ್ಕು ಜನ ಮಾತಾಡುತ್ತಾ ನಿಂತಿರುತ್ತಾರೆ. ಸ್ಯಾಂಕ್ಷನ್ ಆದ ಪ್ಲಾನಿನಲ್ಲಿ ಅದು ಎರಡನೇ ಕಾರಿನ ಜಾಗ.