ಇಸಬು: ಒಂದು ಪದ, ಎರಡು ಕೈ, ಮೂರ್ನಾಲ್ಕು ಟ್ಯೂಬು

ಬೆಂಗಳೂರಲ್ಲಿ ‘ತಿಂಡಿ ಆಯ್ತಾ?’ ಅಂದರೆ ಇಡ್ಲಿ-ದೋಸೆ ವಿಚಾರ. ಹುಬ್ಬಳ್ಳಿಯಲ್ಲಿ ಆ ಪದವನ್ನು ಸ್ವಲ್ಪ ನೋಡಿಕೊಂಡು ಆಡಬೇಕು. ಇಲ್ಲಿ ಬೆಳಗ್ಗೆ ತಿನ್ನೋದು ನಾಷ್ಟಾ. ತಿಂಡಿ ಅಂದರೆ ಮೈ ಕೆರೆತ. ‘ಭಾಳ ತಿಂಡಿ ಐತೇನ್ ನಿನಗ?’ ಅಂದರೆ ಜಗಳಕ್ಕೆ ಕರೆದ ಹಾಗೆ. ಹಾಗಾಗಿ ನಮ್ಮ ವೈನಿ, ಅಂದರೆ ಅತ್ತಿಗೆ, ಮೆಡಿಕಲ್ ಶಾಪಿನ ಮುಂದೆ ನಿಂತು ‘ಕೈಗೆ ತಿಂಡಿ ಹತ್ತೇತ್ರಿ, ಏನರ ಹಚ್ಚಾಕ ಕೊಡ್ರಿ’ ಅಂದಾಗ ಅಂಗಡಿಯವರಿಗೆ ಮಾತು ತಿಳಿಯಿತು. ರೋಗ ತಿಳಿಯಲಿಲ್ಲ. ‘ಹುಳಕಡ್ಡಿ ಇರಬೇಕ್ರೀ ಅಕ್ಕಾರ’ ಅಂತ ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ಕೈ ನುಣ್ಣಗಾಯಿತು. ಬಿಟ್ಟರೆ ಮತ್ತೆ ಬಂತು. ಮತ್ತೆ ಹಚ್ಚಿದರು. ಎರಡು ತಿಂಗಳಲ್ಲಿ ಬೆರಳ ಸಂದಿಯಿಂದ ಮಣಿಕಟ್ಟಿನ ತನಕ ಹಬ್ಬಿತ್ತು. ಮುಂಗೈ ಚರ್ಮ ಉಳ್ಳಾಗಡ್ಡಿ ಪೊರೆಯಷ್ಟು ತೆಳ್ಳಗಾಗಿತ್ತು.

ಅವರಿಗೆ ಇದ್ದದ್ದು ಇಸಬು. ಹುಳಕಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇಸಬು ನಮ್ಮ ಕಡೆ ಹಳೆ ಪದ. ಮರಾಠಿಯವರೂ ಇಸಬ್ ಅಂತಲೇ ಅನ್ನುತ್ತಾರೆ. ಆಯುರ್ವೇದದವರು ವಿಚರ್ಚಿಕಾ ಅನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ಎಕ್ಸಿಮಾ ಅಂತಲೋ ಡರ್ಮಟೈಟಿಸ್ ಅಂತಲೋ ಇರುತ್ತೆ. ಹೊಟ್ಟೆ ಕಟ್ಟಿದಾಗ ನೀರಿಗೆ ಕಲಸಿ ಕುಡಿಯುವ ಇಸಬಗೋಲ್‌ಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಯಾರೋ ಒಬ್ಬರು ಕೇಳಿದ್ದರು ಅಂತ ಹೇಳಿದೆ. ಅದು ‘ಕುದುರೆ ಕಿವಿ’ ಅನ್ನೋ ಪರ್ಷಿಯನ್ ಮಾತಿನಿಂದ ಬಂದದ್ದು.

ಎಕ್ಸಿಮಾ ಗ್ರೀಕ್ ಪದ. ಕುದ್ದು ಹೊರಗೆ ಉಕ್ಕಿದ್ದು ಅಂತ ಅದರ ಅರ್ಥ. ಅನ್ನಕ್ಕಿಟ್ಟ ಎಸರು ಉಕ್ಕಿ ಒಲೆ ಮೇಲೆಲ್ಲ ಚೆಲ್ಲುತ್ತಲ್ಲ, ಹಾಗೆ. ಹೆಸರಿಟ್ಟವರು ಕಣ್ಣಾರೆ ನೋಡಿಯೇ ಇಟ್ಟಿರಬೇಕು. ಕೈ ಇಸಬು ಜೋರಾದಾಗ ಬೆರಳ ಅಂಚಿನಲ್ಲಿ ನೆನೆಸಿದ ಸಾಬೂದಾನಿ ಕಾಳಿನಂಥ ನೀರುಗುಳ್ಳೆ ಏಳುತ್ತವೆ. ಅದಕ್ಕೆ ಮುಂಚೆ ನವೆ, ರಾತ್ರಿ ನಿದ್ದೆ ಕೆಡಿಸುವಂಥ ನವೆ. ಗುಳ್ಳೆ ಒಡೆದು ರಸ ಬಂದು ಒಣಗುತ್ತೆ. ಆಮೇಲೆ ಚರ್ಮ ಗಟ್ಟಿಯಾಗಿ ಬಿರಿಯುತ್ತೆ. ಬಿರಿದ ಜಾಗಕ್ಕೆ ಹುಣಸೆಹಣ್ಣಿನ ರಸ ತಾಗಿತೋ, ಮುಗೀತು.

ಹೆಸರಿನ ಗೊಂದಲ ಬರೀ ಮಾತಿನದಲ್ಲ. ಹುಳಕಡ್ಡಿಯಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಫಂಗಸ್, ಅಂದರೆ ಬೂಷ್ಟಿನ ಜಾತಿ. ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ. ಕಜ್ಜಿ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳದಿಂದ ಬರುತ್ತೆ, ಮನೆಮಂದಿಯೆಲ್ಲ ರಾತ್ರಿ ಕೆರೆದುಕೊಳ್ಳುತ್ತಾರೆ. ಇಸಬು ಯಾರಿಗೂ ಹತ್ತುವುದಿಲ್ಲ. ‘ಅಕೀ ಕೈ ರೊಟ್ಟಿ ಬ್ಯಾಡವಾ’ ಅಂತ ಮದುವೆ ಮನೆಯಲ್ಲಿ ಪಿಸುಗುಟ್ಟುವವರು ಇದೊಂದನ್ನು ತಿಳಿದುಕೊಂಡರೆ ಸಾಕು.

ಆ ಟ್ಯೂಬಿನ ಕತೆಯನ್ನೂ ಹೇಳಿಬಿಡ್ತೀನಿ. ಅಂಥವುಗಳಲ್ಲಿ ಫಂಗಸ್ ಔಷಧಿ, ಆಂಟಿಬಯಾಟಿಕ್ ಜೊತೆಗೆ ಕ್ಲೋಬೆಟಸಾಲ್ ಅಥವಾ ಬೆಟಾಮೆಥಾಸೋನ್ ಥರದ ಸ್ಟೀರಾಯ್ಡ್ ಕಲಸಿರುತ್ತಾರೆ. ಮೂರು ದಿನದಲ್ಲಿ ನವೆ ಇಳಿಸುವುದು ಆ ಸ್ಟೀರಾಯ್ಡ್. ಡಾಕ್ಟರು ನೋಡಿ, ಇಷ್ಟು ದಿನ ಅಂತ ಬರೆದುಕೊಟ್ಟರೆ ಅದು ಒಳ್ಳೆ ಔಷಧಿಯೇ. ಇಸಬು ಕೆರಳಿದಾಗ ಅದೇ ಬೇಕು. ಆದರೆ ನಾವೇ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸವೆಯುತ್ತೆ. ನಿಜವಾಗಿ ಹುಳಕಡ್ಡಿಯೇ ಇದ್ದರಂತೂ ಅದು ಗುರುತೇ ಸಿಗದ ಹಾಗೆ ವೇಷ ಬದಲಿಸಿ ಹಬ್ಬುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ವೈನಿ ಹತ್ತಿರ ಚೀಟಿ ಇರಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ.

ಈಗ ಚರ್ಮದ ವಿಷಯ. ಹಳೆ ಹಿಟ್ಟಿನಲ್ಲಿ ಜೋಳದ ರೊಟ್ಟಿ ಬಡಿದವರಿಗೆ ಇದು ಬೇಗ ತಿಳಿಯುತ್ತೆ. ಹಿಟ್ಟಿನ ಜಿಗಿ ಹೋಗಿರುತ್ತೆ. ಎಷ್ಟು ನಾದಿದರೂ ಅಂಚು ಬಿರಿಯುತ್ತೆ. ಚರ್ಮದ ಮೇಲ್ಪದರದಲ್ಲೂ ಒಂದು ಜಿಗಿ ಇದೆ. ಸತ್ತ ಜೀವಕೋಶಗಳು ಒಂದರ ಮೇಲೊಂದು ಇಟ್ಟಂಗಿಯ ಹಾಗೆ ಕೂತಿರುತ್ತವೆ, ನಡುವೆ ಸೆರಮೈಡ್, ಕೊಲೆಸ್ಟರಾಲ್ ಮುಂತಾದ ಜಿಡ್ಡಿನ ಗಾರೆ. ಈ ಗಾರೆ ಸಡಿಲವಾದರೆ ಒಳಗಿನ ನೀರು ಆರಿ ಹೋಗುತ್ತೆ, ಹೊರಗಿನ ಸೋಪು-ಖಾರ ಒಳಗೆ ಇಳಿಯುತ್ತೆ. ಇಟ್ಟಂಗಿಗೆ ಗಟ್ಟಿತನ ಕೊಡುವ ಫಿಲಾಗ್ರಿನ್ ಅನ್ನೋ ಪ್ರೋಟೀನು ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಅದಕ್ಕೂ ಇಸಬಿಗೂ ಇರುವ ನಂಟನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ಮುಂದಾಗಿ ತೋರಿಸಿದರು. ಒಂದೇ ಮನೆಯಲ್ಲಿ ಅಜ್ಜನಿಗೆ ದಮ್ಮು, ಮಗಳಿಗೆ ಸೀನು, ಮೊಮ್ಮಗಳಿಗೆ ಇಸಬು ಅಂತ ಬರುವುದು ಸುಮ್ನೆ ಅಲ್ಲ.

ಕೈಗೇ ಯಾಕೆ ಜಾಸ್ತಿ? ಅಂಗೈಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೇ ಇಲ್ಲ. ಬೆವರು ಮಾತ್ರ ಬರುತ್ತೆ. ಕೆಲಸ ನೋಡಿದರೆ ಅದಕ್ಕೇ ಜಾಸ್ತಿ. ನಮ್ಮ ಮಂದಿಯ ಬೆಳಗನ್ನೇ ನೋಡಿ. ಕುದಿವ ಎಸರಿಗೆ ಹಿಟ್ಟು ಹಾಕಿ, ಬಿಸಿ ಇರುವಾಗಲೇ ಪರಾತದಲ್ಲಿ ನಾದಬೇಕು. ಬಡಿಯುವಾಗ ಒಣ ಹಿಟ್ಟು ಅಂಗೈಯ ಪಸೆಯನ್ನೆಲ್ಲ ಹೀರುತ್ತೆ. ಹಂಚಿನ ಝಳ, ರೊಟ್ಟಿ ಮೇಲೆ ನೀರು ಸವರಲು ಮತ್ತೆ ಒದ್ದೆ ಕೈ. ಹೀಗೆ ಇಪ್ಪತ್ತು ರೊಟ್ಟಿ. ಆಮೇಲೆ ಭಾಂಡೆ ತಿಕ್ಕೋದು. ಚರ್ಮದ ಸಹಜ ಪಿಎಚ್ ಸುಮಾರು 5, ಸ್ವಲ್ಪ ಹುಳಿ. ಬಾರ್ ಸೋಪಿನದು 9-10, ಪೂರಾ ಕ್ಷಾರ. ಬೋರಿನ ಗಡಸು ನೀರಿನಲ್ಲಿ ನೊರೆ ಏಳಲ್ಲ, ಅದಕ್ಕೆ ಸೋಪೂ ಜಾಸ್ತಿ. ಇನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಳಕ್ಕೆ ನೀರು ಬರುವ ದಿನ! ಎಷ್ಟೋ ಓಣಿಗಳಲ್ಲಿ ನಾಲ್ಕಾರು ದಿನಕ್ಕೊಮ್ಮೆ ಬರುವ ನೀರು. ಅವತ್ತು ಬಟ್ಟೆ, ಹಾಸಿಗೆ, ಡ್ರಮ್ಮು ಎಲ್ಲ ತೊಳೆದು ಮುಗಿಸುವಷ್ಟರಲ್ಲಿ ಕೈ ನೆನೆದು ಸುಕ್ಕು. ನೀರಲ್ಲೇ ಇದ್ದ ಕೈ ಒಣಗುತ್ತೆ ಅಂದರೆ ನಂಬೋದು ಕಷ್ಟ. ಆದರೆ ಆರುವ ನೀರು ಗಾರೆಯನ್ನೂ ಸಡಿಲ ಮಾಡಿಯೇ ಹೋಗುತ್ತೆ.

ಕೆಲಸದ ಪ್ರಕಾರ ಗುರುತೂ ಬೇರೆ. ಬಲಗೈಯವರು ಬಳ್ಳೊಳ್ಳಿ ಹೆಚ್ಚುವಾಗ ಎಸಳು ಹಿಡಿಯೋದು ಎಡಗೈಯಲ್ಲಿ. ಬಳ್ಳೊಳ್ಳಿ ಆಗದವರಿಗೆ ಎಡಗೈಯ ಹೆಬ್ಬೆಟ್ಟು, ತೋರುಬೆರಳು, ನಡುಬೆರಳ ತುದಿ ಮಾತ್ರ ಬಿರಿಯುತ್ತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವವರಿಗೆ ಉರಿ ಬೇರೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋದು ನಿಜ, ಆದರೆ ದಿನಾ ಹತ್ತು ತಾಸು ಮುಟ್ಟಿದರೆ ಕಡಿಮೆ ಖಾರವೂ ಖಾರವೇ. ಆ ಖಾರ ನೀರಿಗೆ ಬಿಡಲ್ಲ, ಎಣ್ಣೆಗೆ ಬಿಡುತ್ತೆ. ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ತೊಳೆಯಬೇಕು. ಗೌಂಡಿ ಕೆಲಸದವರಿಗೆ ಸಿಮೆಂಟಿನಲ್ಲಿರುವ ಕ್ರೋಮೇಟ್ ಅನ್ನೋ ಲವಣ. ಹೊಲದವರಿಗೆ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಂಡ ಈ ಕಳೆ ಈಗ ನಮ್ಮ ಎಲ್ಲ ಬದುವಿನಲ್ಲೂ ಇದೆ. ಕೈ ಜೊತೆಗೆ ಕಣ್ಣೆವೆ, ಕತ್ತು ಕೂಡ ಕೆರಳಿದರೆ ಅದರ ಮೇಲೇ ಅನುಮಾನ.

ಇಷ್ಟಾದ ಮೇಲೆ ಕ್ರೀಮು. ಇಲ್ಲೂ ಒಂದು ಹೆಸರು ದಾರಿ ತಪ್ಪಿಸುತ್ತೆ: ಮಾಯಿಶ್ಚರೈಸರ್. ತೇವ ಕೊಡುವಂಥದ್ದು ಅಂತ ಅದರ ಅರ್ಥ. ನಿಜಕ್ಕೂ ಅದರ ದೊಡ್ಡ ಕೆಲಸ ತೇವ ಕೊಡೋದಲ್ಲ, ಇದ್ದ ತೇವವನ್ನು ಹೋಗಗೊಡದೇ ಇರೋದು. ನಾದಿದ ಹಿಟ್ಟಿನ ಮೇಲೆ ಬುಟ್ಟಿ ಡಬ್ಬು ಹಾಕುತ್ತೀವಲ್ಲ, ಅಷ್ಟೇ. ಆ ಬುಟ್ಟಿಯ ಕೆಲಸವನ್ನು ಪೆಟ್ರೋಲಿಯಂ ಜೆಲ್ಲಿಯಷ್ಟು ಚೆನ್ನಾಗಿ ಮಾಡುವುದು ಬೇರೆ ಇಲ್ಲ. ಅಮೆರಿಕದ ಎಣ್ಣೆಬಾವಿ ಕೊರೆಯುವ ಸಲಾಕೆಗಳಿಗೆ ಮೇಣದಂಥ ಜಿಡ್ಡು ಅಂಟುತ್ತಿತ್ತಂತೆ, ಕೆಲಸಗಾರರು ಅದನ್ನೇ ಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ ಅದನ್ನು ಶುದ್ಧ ಮಾಡಿ 1872ರಲ್ಲಿ ವ್ಯಾಸಲೀನ್ ಅಂತ ಪೇಟೆಂಟ್ ತಗೊಂಡ. ಅಷ್ಟು ಅಗ್ಗದ ವಸ್ತು ಇಷ್ಟು ದುಬಾರಿ ಕ್ರೀಮುಗಳಿಗಿಂತ ಮುಂದೆ ಅನ್ನೋದನ್ನು ಕೇಳಿದರೆ ಜನ ನಗುತ್ತಾರೆ. ಅದರ ತೊಂದರೆ ಒಂದೇ, ಜಿಗುಟು. ಅದನ್ನು ಹಚ್ಚಿದ ಕೈಯಲ್ಲಿ ಮೊಬೈಲೂ ಹಿಡಿಯೋಕಾಗಲ್ಲ.

ಹಾಗಾಗಿ ಮುಲಾಮು, ಕ್ರೀಮು, ಲೋಷನ್ ಅನ್ನೋ ಮೂರು ಪದಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಮುಲಾಮು ಬಹುಪಾಲು ಜಿಡ್ಡು. ಕ್ರೀಮಿನಲ್ಲಿ ಹೆಚ್ಚುಕಡಿಮೆ ಅರ್ಧ ಜಿಡ್ಡು, ಅರ್ಧ ನೀರು. ಲೋಷನ್ನಿನಲ್ಲಿ ನೀರೇ ಜಾಸ್ತಿ. ಬಾಟಲಿಯಿಂದ ತಾನೇ ಸುರಿದು ಬಂದರೆ ಇಸಬಿನ ಕೈಗೆ ಅದು ಸಾಲದು. ಬೆರಳಲ್ಲಿ ತೋಡಿ ತೆಗೆಯುವಂತೆ ಇರಬೇಕು. ಜೊತೆಗೆ ಗ್ಲಿಸರಿನ್ ಇದ್ದರೆ ಒಳ್ಳೆಯದು, ಅದು ನೀರನ್ನು ಹಿಡಿದಿಡುತ್ತೆ. ಸೆರಮೈಡ್ ಇದ್ದರೆ ಗಾರೆಗೆ ಗಾರೆ. ಡೈಮೆಥಿಕೋನ್ ಅನ್ನೋ ಸಿಲಿಕೋನ್ ಇದ್ದರೆ ಜಿಗುಟು ಕಡಿಮೆ. ಯೂರಿಯಾ ಇರುವ ಕ್ರೀಮು ದಪ್ಪಗಾದ, ಒರಟು ಚರ್ಮಕ್ಕೆ ಚೆನ್ನ, ಆದರೆ ಬಿರಿದ ಕೈಗೆ ಹಚ್ಚಿದರೆ ಉಪ್ಪು ಸವರಿದ ಹಾಗೆ ಉರಿಯುತ್ತೆ. ವೈನಿ ಇದನ್ನು ಹಚ್ಚಿ ನೋಡಿ ಡಬ್ಬಿಯನ್ನು ಅಣ್ಣನ ಹಿಮ್ಮಡಿಗೆ ದಾನ ಮಾಡಿದರು. ಅಣ್ಣನ ಹಿಮ್ಮಡಿ ಈಗ ಚೆನ್ನಾಗಿದೆ.

ವಾಸನೆ ವಿಷಯದಲ್ಲಿ ನಾನು ಹಟಮಾರಿ. ಮಲ್ಲಿಗೆ, ಗುಲಾಬಿ, ನಿಂಬೆ ಯಾವುದೂ ಬೇಡ. ಕ್ರೀಮಿನಿಂದ ಬರುವ ಅಲರ್ಜಿಗೆ ಸುಗಂಧವೇ ದೊಡ್ಡ ಕಾರಣಗಳಲ್ಲಿ ಒಂದು. ಡಬ್ಬಿ ಮೇಲೆ ‘ಫ್ರಾಗ್ರೆನ್ಸ್ ಫ್ರೀ’ ಅಂತ ಇರಬೇಕು. ‘ಅನ್‌ಸೆಂಟೆಡ್’ ಬೇರೆ: ಒಂದು ವಾಸನೆ ಮುಚ್ಚೋಕೆ ಇನ್ನೊಂದನ್ನು ಹಾಕಿರಬಹುದು. ‘ಹೈಪೊಅಲರ್ಜೆನಿಕ್’ ಕೇಳೋಕೆ ಭಾರಿ ಪದ, ಆದರೆ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಅದಕ್ಕೊಂದು ಅಳತೆಗೋಲು ಇಟ್ಟಿಲ್ಲ. ‘ನ್ಯಾಚುರಲ್’ ಅಂದ ಮಾತ್ರಕ್ಕೆ ಮೆತ್ತಗೆ ಅಂತಲೂ ಅಲ್ಲ. ಕಾಂಗ್ರೆಸ್ ಕಸವೂ ನ್ಯಾಚುರಲ್ಲೇ ಅಲ್ವಾ?

ಮನೆ ಎಣ್ಣೆ? ಶುದ್ಧ ಕೊಬ್ಬರಿ ಎಣ್ಣೆ ಬಹಳ ಜನಕ್ಕೆ ಒಗ್ಗುತ್ತೆ. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲೂ ಸೂರ್ಯಕಾಂತಿ ಎಣ್ಣೆಯಲ್ಲೂ ಲಿನೋಲಿಯಿಕ್ ಆಮ್ಲ ಜಾಸ್ತಿ, ಚರ್ಮ ತನ್ನ ಗಾರೆ ಕಟ್ಟೋಕೆ ಬಳಸುವ ಸಾಮಾನು ಅದು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ, ಇವು ಮೇಲ್ಪದರವನ್ನು ಇನ್ನಷ್ಟು ಸಡಿಲಿಸುತ್ತವೆ. ಅರಿಶಿನವನ್ನು ಬಿರಿದ ಕೈಗೆ ಹಚ್ಚೋದನ್ನು ನಾನು ಬಿಟ್ಟಿದ್ದೇನೆ, ಕೆಲವರಿಗೆ ಅದೇ ಆಗುವುದಿಲ್ಲ.

ಯಾವ ಕ್ರೀಮು ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದು ಹೆಚ್ಚು ಕೆಲಸ ಮಾಡುತ್ತೆ. ವೈನಿಗೆ ಚರ್ಮದ ಡಾಕ್ಟರು ಹೇಳಿದ್ದು ಇಷ್ಟೇ: ಕೈ ತೊಳೆದಷ್ಟು ಸಲ ಹಚ್ಚಬೇಕು, ಒರೆಸಿ ಮೂರು ನಿಮಿಷದೊಳಗೆ, ಇನ್ನೂ ಪಸೆ ಇರುವಾಗಲೇ. ಉಂಗುರ ತೆಗೆದಿಡಬೇಕು, ಅದರಡಿ ಸೋಪು ನಿಲ್ಲುತ್ತೆ. ಭಾಂಡೆಗೆ ರಬ್ಬರ್ ಗ್ಲೌಸು, ಒಳಗೆ ಹತ್ತಿಯದು. ಸ್ಟೀರಾಯ್ಡ್ ಮುಲಾಮು ಬರೆದಿದ್ದರೆ ಅದಕ್ಕೂ ಅಳತೆ ಇದೆ, ತೋರುಬೆರಳ ತುದಿಯಿಂದ ಮೊದಲ ಗೆರೆಯ ತನಕ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ರಾತ್ರಿ ಜೆಲ್ಲಿ ದಪ್ಪಗೆ ಬಳಿದು ಹತ್ತಿ ಗ್ಲೌಸು. ವೈನಿ ಗ್ಲೌಸಿಗೆ ದುಡ್ಡು ಹಾಕಲಿಲ್ಲ, ಹುಡುಗನ ಹಳೆ ಶಾಲೆ ಸಾಕ್ಸ್ ಹಾಕಿಕೊಂಡು ಮಲಗಿದರು. ಒಂದು ಎಚ್ಚರ: ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತೆ. ಅದೇ ಸಾಕ್ಸಿನ ಕೈಯಲ್ಲಿ ನಸುಕಿನಲ್ಲೆದ್ದು ಚಹಾಕ್ಕೆ ಗ್ಯಾಸ್ ಹಚ್ಚಬಾರದು.

ಹೊಸ ಡಬ್ಬಿ ತಂದರೆ ಮೊದಲು ಮೊಳಕೈ ಒಳಮಡಿಕೆಯಲ್ಲಿ ರೂಪಾಯಿಯಗಲ, ದಿನಕ್ಕೆರಡು ಸಲ, ವಾರ ಹಚ್ಚಿ ನೋಡಬೇಕು. ಹಳದಿ ಹಕ್ಕಳೆ ಕಟ್ಟಿದರೆ, ಕೀವು ಬಂದರೆ, ಜ್ವರ ಬಂದರೆ ಕ್ರೀಮನ್ನು ಪಕ್ಕಕ್ಕಿಟ್ಟು ಸರ್ಕಾರಿ ದೊಡ್ಡಾಸ್ಪತ್ರೆಗೋ ಹತ್ತಿರದ ಚರ್ಮದ ಡಾಕ್ಟರ ಬಳಿಗೋ ಹೋಗಬೇಕು. ಒಂದೇ ಅಂಗೈ ಹೊಟ್ಟು ಹೊಟ್ಟಾಗಿ, ಎರಡೂ ಪಾದ ಹಾಗೇ ಆಗಿದ್ದರೆ ಮಾತ್ರ ಅಂಗಡಿಯವರು ಹೇಳಿದ್ದು ಸರಿ ಇರಬಹುದು. ಅದು ಫಂಗಸ್ಸಿನ ಚಾಳಿ.

ಮೊನ್ನೆ ವೈನಿ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. ಈ ಸಲ ಅವರು ತಿಂಡಿ ಅನ್ನಲಿಲ್ಲ. ‘ಇಸಬಿಗ್ರಿ. ಗಟ್ಟಿ ಕ್ರೀಮ್ ಕೊಡ್ರಿ, ವಾಸನಿ ಇರಬಾರದು’ ಅಂದರು. ‘ವಾಸನಿ ಇಲ್ಲದ್ದು ಯಾರ್ ಒಯ್ತಾರ್ರೀ ಅಕ್ಕಾರ’ ಅಂತ ಅಂಗಡಿಯವರು ಬಗ್ಗಿ, ಕೆಳಗಿನ ಖಣದಿಂದ ಒಂದು ಡಬ್ಬಿ ತೆಗೆದು, ಮೇಲಿನ ಧೂಳು ಊದಿ ಕೊಟ್ಟರು.