ಒಂದು ರಿಂಗಿಗೆ 10 ಅಂಕ: ವೆಕ್ಸ್ ಹೈ ಸ್ಟೇಕ್ಸ್ ನಿಯಮಗಳನ್ನು ಲೆಕ್ಕ ಹಾಕಿ ಓದುವುದು

ರೋಬೋಟ್ ಸ್ಪರ್ಧೆಯ ಒಂದು ಪಂದ್ಯ, ನಾವು ಕೆಂಪು ಕಡೆಯವರು. ನಾಲ್ಕು ಕೆಂಪು ರಿಂಗ್ ಹಾಕಿದ ಗೋಲನ್ನು ಅಂಕ ದುಪ್ಪಟ್ಟಾಗುವ ಪಾಸಿಟಿವ್ ಮೂಲೆಗೆ ತಳ್ಳಿ ನಾವು ನಿರಾಳವಾಗಿ ಬೇರೆ ಕಡೆ ಹೊರಟೆವು. ತಿರುಗಿ ನೋಡುವಷ್ಟರಲ್ಲಿ ನೀಲಿ ರೋಬೋಟ್ ಬಂದು ಅದರ ಮೇಲೆ ಒಂದೇ ಒಂದು ನೀಲಿ ರಿಂಗ್ ಹಾಕಿ ಹೋಗಿತ್ತು. "ಒಂದು ರಿಂಗ್ ತಾನೇ, ಬಿಡು" ಅಂದ ನಮ್ಮ ಡ್ರೈವರ್. ನಾನೂ ಹೂಂ ಅಂದೆ. ಪಂದ್ಯ ಸೋತಿದ್ದು 7 ಅಂಕದಿಂದ. ಆ ಒಂದು ರಿಂಗ್ ನಮಗೆ 10 ಅಂಕದ ಪೆಟ್ಟು ಕೊಟ್ಟಿತ್ತು ಅಂತ ಗೊತ್ತಾಗಿದ್ದು ಆಮೇಲೆ, ಹಾಳೆಯ ಮೇಲೆ ಬರೆದು ನೋಡಿದಾಗ.

ಈ ಟಿಪ್ಪಣಿ ಆ ಹಾಳೆಯಿಂದ ಬೆಳೆದದ್ದು. ಆಟ 2024-25ರ ವೆಕ್ಸ್ ವಿ5 ಅನ್ನುವ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯ 'ಹೈ ಸ್ಟೇಕ್ಸ್'. ಆ ಸೀಸನ್ ಮುಗಿದಿದೆ, ಆದರೆ ನಿಯಮ ಓದಿ ತಂತ್ರ ಹೂಡುವುದನ್ನು ಕಲಿಯಲು ಇಷ್ಟು ಒಳ್ಳೆಯ ಆಟ ನಾನು ಬೇರೆ ನೋಡಿಲ್ಲ.

ಮೊದಲು ಆಟದ ಪರಿಚಯ, ಬೇಗ ಮುಗಿಸೋಣ. 12 ಅಡಿ ಚೌಕದ ಅಂಗಳ. ಕೆಂಪು ಅಲಯನ್ಸ್‌ನಲ್ಲಿ, ಅಂದರೆ ಜೊತೆಯಾಗಿ ಆಡುವ ಬಣದಲ್ಲಿ, ಎರಡು ರೋಬೋಟ್, ನೀಲಿಯಲ್ಲಿ ಎರಡು. ಮೊದಲ 15 ಸೆಕೆಂಡು ರೋಬೋಟ್ ತಾನಾಗಿ ಓಡಬೇಕು (ಇದೇ ಅಟಾನಮಸ್), ಆಮೇಲಿನ 1 ನಿಮಿಷ 45 ಸೆಕೆಂಡು ಡ್ರೈವರ್ ಕೈಯಲ್ಲಿ. ಒಟ್ಟು 48 ರಿಂಗ್, ಅರ್ಧ ಕೆಂಪು, ಅರ್ಧ ನೀಲಿ. ಎಳೆದಾಡಬಹುದಾದ ಮೊಬೈಲ್ ಗೋಲ್ ಐದು. ಪ್ರತಿ ಗೋಲಿನ ನಡುವೆ ಒಂದು ಗೂಟ, ಅದರಲ್ಲಿ ಗರಿಷ್ಠ 6 ರಿಂಗ್. ರಿಂಗಿಗೆ 1 ಅಂಕ, ಗೂಟದ ತುದಿಯಲ್ಲಿರುವ ರಿಂಗಿಗೆ ಮಾತ್ರ 3. ಮೂಲೆಗಳಲ್ಲಿ ಎರಡು ಪಾಸಿಟಿವ್, ಎರಡು ನೆಗೆಟಿವ್. ಪಾಸಿಟಿವ್ ಮೂಲೆಯಲ್ಲಿಟ್ಟ ಗೋಲಿನ ರಿಂಗುಗಳಿಗೆಲ್ಲ ದುಪ್ಪಟ್ಟು ಅಂಕ. ನೆಗೆಟಿವ್ ಮೂಲೆಯಲ್ಲಿಟ್ಟರೆ ಆ ರಿಂಗುಗಳ ಅಂಕ ಸೊನ್ನೆಯಾಗುವುದಷ್ಟೇ ಅಲ್ಲ, ಅಷ್ಟೇ ಅಂಕ ಆ ಅಲಯನ್ಸ್‌ನ ಬೇರೆ ರಿಂಗುಗಳಿಂದಲೂ ಕಳೆಯುತ್ತದೆ.

ಈಗ ನಮ್ಮ ಸೋಲಿನ ಲೆಕ್ಕ. ನಾಲ್ಕು ಕೆಂಪು ರಿಂಗ್: ತುದಿಯದ್ದು 3, ಉಳಿದ ಮೂರಕ್ಕೆ 3, ಒಟ್ಟು 6. ಪಾಸಿಟಿವ್ ಮೂಲೆಯಲ್ಲಿ 12. ಮೇಲೆ ಒಂದು ನೀಲಿ ಬಂತು. ಕೆಂಪಿಗೆ ತುದಿ ಹೋಯಿತು, ನಾಲ್ಕು ರಿಂಗಿಗೆ ತಲಾ 2ರಂತೆ 8. ನೀಲಿಗೆ ತುದಿಯ 3ರ ದುಪ್ಪಟ್ಟು, ಅಂದರೆ 6. ಮೊದಲು ನಾವು 12 ಮುಂದಿದ್ದೆವು, ಈಗ ಬರೀ 2. ಎರಡೇ ಸೆಕೆಂಡಿನ ಕೆಲಸಕ್ಕೆ 10 ಅಂಕ!

ಇಲ್ಲಿ ನಾನು ಕಲಿತದ್ದು: ನಮ್ಮ ಅಂಕ ಎಷ್ಟು ಅಂತ ಕೇಳಬೇಡಿ, ಅಂತರ ಎಷ್ಟು ಅಂತ ಕೇಳಿ. ಒಂದು ಗೋಲಿನಲ್ಲಿ ನಮ್ಮ ಅಂಕದಿಂದ ಎದುರಾಳಿಯ ಅಂಕ ಕಳೆದರೆ ಸಿಗುವುದೇ ಆ ಗೋಲಿನ ಅಂತರ. ಗೋಲು ಅಂಗಳದ ನಡುವೆ ಇದ್ದರೆ ಅಂತರ ಇದ್ದಷ್ಟೇ. ಪಾಸಿಟಿವ್ ಮೂಲೆಯಲ್ಲಿ ಎರಡು ಪಟ್ಟು. ನೆಗೆಟಿವ್ ಮೂಲೆಯಲ್ಲಿ ಅದೇ ಅಂತರ ತಿರುಗಿ ಎದುರಾಳಿಯ ಕಡೆಗೆ. ಹಾಗಾದರೆ ಪಾಸಿಟಿವ್‌ನಿಂದ ಕಿತ್ತು ನೆಗೆಟಿವ್‌ಗೆ ಹಾಕಿದರೆ ಆಗುವ ಬದಲಾವಣೆ ಅಂತರದ ಮೂರು ಪಟ್ಟು. ಆರೂ ಕೆಂಪಿರುವ ಗೋಲಿನ ಅಂತರ 8. ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದರೆ 24 ಅಂಕ ಅತ್ತಿತ್ತ. ಅಂಗಳದ ನಡುವೆ ಒಂದು ಏಣಿ ಇದೆ, ರೋಬೋಟ್ ಅದನ್ನು ಹತ್ತಿದರೂ ಅಂಕ. ಅದರಲ್ಲಿ ಅತಿ ಎತ್ತರದ ಮೂರನೇ ಹಂತಕ್ಕೆ ಸಿಗುವುದೇ 12. ಹೋಲಿಸಿ ನೋಡಿ.

ಇದನ್ನೇ ಹಿಡಿದು ಹೊರಟರೆ ಕೆಲವು ಪ್ರಶ್ನೆಗಳಿಗೆ ಉತ್ತರ ತಾನಾಗಿ ಬರುತ್ತದೆ. ಎರಡು ನೀಲಿ, ಅವುಗಳ ಮೇಲೆ ನಾಲ್ಕು ಕೆಂಪು ಇರುವ ಗೋಲು ಅಂಗಳದ ನಡುವೆ ನಿಂತಿದೆ. ನೀಲಿಯವರು ಅದನ್ನು ನೆಗೆಟಿವ್ ಮೂಲೆಗೆ ತಳ್ಳಬೇಕಾ? "ನಮ್ಮದೂ ಎರಡು ರಿಂಗ್ ಇದೆಯಲ್ಲ, ಹಾಳಾಗುತ್ತೆ" ಅಂತ ಹಿಂಜರಿಯುವವರೇ ಜಾಸ್ತಿ. ಕೆಂಪಿಗೆ 6, ನೀಲಿಗೆ 2, ಅಂತರ 4. ಮೂಲೆಗೆ ಹೋದರೆ ಅದೇ 4 ನೀಲಿಯ ಕಡೆ ತಿರುಗುತ್ತದೆ. ಒಟ್ಟು 8 ಅಂಕದ ಲಾಭ. ಕಣ್ಣು ಮುಚ್ಚಿ ತಳ್ಳಬಹುದು. ಒಂದೇ ಷರತ್ತು: ಕಳೆಯಲು ಎದುರಾಳಿಯ ಹತ್ತಿರ ಬೇರೆ ರಿಂಗ್ ಅಂಕ ಇರಬೇಕು. ಬೇರೆ ಕಡೆ ಅವರಿಗೆ 3 ಅಂಕ ಮಾತ್ರ ಇದ್ದರೆ ಕಳೆಯುವುದೂ 3 ಮಾತ್ರ. ಏಣಿಯ ಅಂಕಕ್ಕಾಗಲಿ ಅಟಾನಮಸ್ ಬೋನಸ್‌ಗಾಗಲಿ ನೆಗೆಟಿವ್ ಮೂಲೆ ಕೈ ಹಾಕುವುದಿಲ್ಲ.

ಇನ್ನೊಂದು: ಗೋಲನ್ನು 6 ರಿಂಗ್ ತುಂಬಿಸಿಯೇ ಮೂಲೆಗೆ ಕೊಂಡೊಯ್ಯಬೇಕಾ? ಆಗುವುದಾದರೆ ಹೌದು. ಕಾರಣ ಐದನೇ, ಆರನೇ ರಿಂಗಿನ ಅಂಕ ಅಲ್ಲ. ತುಂಬಿದ ಗೂಟದ ಮೇಲೆ ಇನ್ನೊಂದು ರಿಂಗಿಗೆ ಜಾಗವೇ ಇಲ್ಲ, ಅದಕ್ಕೆ. ನಾವು ನಾಲ್ಕಕ್ಕೇ ಬಿಟ್ಟು ಹೋದೆವು. ಬಾಗಿಲು ತೆಗೆದಿಟ್ಟು ಬೀಗದ ಕೈ ಮಾತ್ರ ಜೇಬಿಗೆ ಹಾಕಿಕೊಂಡ ಹಾಗೆ.

ಈಗ ಹೆಚ್ಚಿನವರು ಓದದೇ ಬಿಡುವ ಭಾಗ, ರ‍್ಯಾಂಕಿಂಗ್. ಅರ್ಹತಾ ಪಂದ್ಯಗಳಲ್ಲಿ ಗೆದ್ದರೆ 2 ವಿನ್ ಪಾಯಿಂಟ್, ಸಮ ಆದರೆ 1. ಅಟಾನಮಸ್‌ನಲ್ಲಿ ಹೇಳಿದ ಕೆಲಸಗಳನ್ನೆಲ್ಲ ಮುಗಿಸಿದರೆ ಇನ್ನೊಂದು. ವಿನ್ ಪಾಯಿಂಟ್ ಸಮ ಇದ್ದರೆ ಅಟಾನಮಸ್ ಪಾಯಿಂಟ್ ನೋಡುತ್ತಾರೆ, ಅದೂ ಸಮ ಇದ್ದರೆ ಸ್ಟ್ರೆಂಥ್ ಆಫ್ ಶೆಡ್ಯೂಲ್ ಪಾಯಿಂಟ್. ಈ ಕೊನೆಯದ್ದು ಏನು ಗೊತ್ತಾ? ಪ್ರತಿ ಪಂದ್ಯದಲ್ಲಿ ಸೋತವರು ಗಳಿಸಿದ ಅಂಕ. ಗೆದ್ದವರಿಗೂ ಸಿಗುವುದು ಅದೇ. ಅಂದರೆ ನೀವು 20 ಅಂಕ ಮುಂದಿದ್ದೀರಿ, ಗೆಲುವು ಖಚಿತ, ಆಗಲೂ ಸುಮ್ನೆ ಜೋಶ್‌ನಲ್ಲಿ ಅಂಗಳದ ನಡುವೆ ನಿಂತ ಎದುರಾಳಿಯ ಆರು ರಿಂಗಿನ ಗೋಲನ್ನು ನೆಗೆಟಿವ್ ಮೂಲೆಗೆ ತಳ್ಳಿದರೆ ಅವರ ಅಂಕ 16 ಇಳಿಯುತ್ತದೆ, ನಿಮ್ಮ ಖಾತೆಯಿಂದಲೂ ಅದೇ 16 ಹೋಯಿತು. ಗೆಲುವು ಅನುಮಾನ ಇದ್ದಾಗ ತಳ್ಳಿ, ಖಚಿತವಾದಾಗ ಕೈ ಬಿಡಿ. ನಾಕೌಟ್‌ನಲ್ಲಿ ಈ ಯೋಚನೆಯೇ ಬೇಡ, ಅಲ್ಲಿ ಗೆಲುವೊಂದೇ ಲೆಕ್ಕ.

ಎದುರಾಳಿಯನ್ನು ತಡೆಯುವ ನಿಯಮದಲ್ಲಿ ಜಗಳ ಜಾಸ್ತಿ. ರೋಬೋಟನ್ನು ಗೋಡೆಗೆ ಒತ್ತಿ ಹಿಡಿಯುವುದು, ಹೊರಬರಲು ದಾರಿ ಇಲ್ಲದ ಹಾಗೆ ಕಟ್ಟಿಹಾಕುವುದು, ಎತ್ತಿ ಹಿಡಿಯುವುದು, ಮೂರಕ್ಕೂ ಮಿತಿ ರೆಫ್ರಿಯ 5 ಎಣಿಕೆ. ಆಮೇಲೆ ಸುಮಾರು ಒಂದು ಟೈಲ್‌ನಷ್ಟು, ಅಂದರೆ 2 ಅಡಿ, ದೂರ ಸರಿಯಬೇಕು. ನಿಯಮ ಇಷ್ಟೇ. ತಂತ್ರದ ಪ್ರಶ್ನೆ ಬೇರೆ: ಆ 5 ಸೆಕೆಂಡು ಯಾರ ಯಾರ ಸಮಯ? ನಿಮ್ಮ ಒಳ್ಳೆಯ ರೋಬೋಟ್ ಅವರ ದುರ್ಬಲ ರೋಬೋಟನ್ನು ಹಿಡಿದು ನಿಂತರೆ ನಷ್ಟ ನಿಮಗೇ. ಅವರ ಜೋರಿನ ರೋಬೋಟನ್ನು ನಿಮ್ಮ ಜೊತೆಗಾರರ ನಿಧಾನದ ರೋಬೋಟ್ ತಡೆದರೆ ಆಗ ಸರಿ. ಒಂದು ಎಚ್ಚರಿಕೆ: ಡಿಕ್ಕಿಯಲ್ಲಿ ತಪ್ಪು ಯಾರದ್ದು ಅಂತ ಸ್ಪಷ್ಟವಾಗದಿದ್ದರೆ ಅನುಮಾನದ ಲಾಭ ಅಂಕ ಗಳಿಸಲು ಹೊರಟವರಿಗೆ, ತಡೆಯುವವರಿಗಲ್ಲ. ಹಾಗೇ, ಎದುರಾಳಿಯನ್ನು ಬೇಕಂತಲೇ ತಪ್ಪಿಗೆ ತಳ್ಳಿ ಪೆನಾಲ್ಟಿ ಗಿಟ್ಟಿಸುವುದೂ ನಡೆಯಲ್ಲ.

'ಮ್ಯಾಚ್ ಅಫೆಕ್ಟಿಂಗ್' ಅನ್ನುವ ಮಾತು ತುಂಬ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಅದರ ಅರ್ಥ 'ದೊಡ್ಡ ತಪ್ಪು' ಅಂತ ಅಲ್ಲ. ಆ ತಪ್ಪಿನಿಂದ ಗೆದ್ದವರು ಯಾರು, ಸೋತವರು ಯಾರು ಅನ್ನುವುದು ಬದಲಾಯಿತಾ, ಅಷ್ಟೇ ಪ್ರಶ್ನೆ. ಹೀಗಾಗಿ ಸೋತವರು ಮಾಡಿದ ತಪ್ಪು ಎಂದಿಗೂ ಮ್ಯಾಚ್ ಅಫೆಕ್ಟಿಂಗ್ ಆಗುವುದಿಲ್ಲ. ಒಂದೊಂದು ರೋಬೋಟಿಗೆ ಒಮ್ಮೆಗೆ ಎರಡೇ ರಿಂಗ್ ಇಟ್ಟುಕೊಳ್ಳಲು ಅನುಮತಿ. ನೀವು ಮೂರು ಇಟ್ಟುಕೊಂಡಿರಿ, ಮೂರನೆಯದ್ದರಿಂದ 3 ಅಂಕ ಬಂತು ಅಂತಿಟ್ಟುಕೊಳ್ಳಿ. 2 ಅಂಕದಿಂದ ಗೆದ್ದಿದ್ದರೆ ತೊಂದರೆ, 15ರಿಂದ ಗೆದ್ದಿದ್ದರೆ ಸಾಮಾನ್ಯವಾಗಿ ಎಚ್ಚರಿಕೆಯಲ್ಲಿ ಮುಗಿಯುತ್ತದೆ. ರೆಫ್ರಿಯ ಹತ್ತಿರ ಇದನ್ನೆಲ್ಲ ಕೇಳಬೇಕಾದವರು ಡ್ರೈವ್ ಟೀಮಿನ ವಿದ್ಯಾರ್ಥಿಗಳು. ಮೇಷ್ಟ್ರಾಗಲಿ ಅಪ್ಪ ಅಮ್ಮ ಆಗಲಿ ಹೋಗುವಂತಿಲ್ಲ. ಫೋನಿನ ವಿಡಿಯೋ ತೋರಿಸಿದರೂ ರೆಫ್ರಿ ನೋಡುವುದಿಲ್ಲ. ಹಾಗಾಗಿ ನಿಯಮದ ನಂಬರ್ ಬಾಯಲ್ಲಿರಲಿ.

ಅಟಾನಮಸ್‌ನಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಬೋನಸ್ 6 ಅಂಕ, ಸಮ ಆದರೆ ಇಬ್ಬರಿಗೂ 3. ಐದು ಗೋಲುಗಳಲ್ಲಿ ಒಂದು ಸರಿಯಾಗಿ ನಡುಗೆರೆಯ ಮೇಲಿರುವುದರಿಂದ ಎರಡೂ ಕಡೆಯವರು ಅದರ ಮೇಲೆ ಬೀಳುತ್ತಾರೆ. ಅದನ್ನು ಹಿಡಿದವರಿಗೆ ಮೂರು ಗೋಲು, ಇನ್ನೊಬ್ಬರಿಗೆ ಎರಡು. ಆದರೆ ಗೆರೆ ದಾಟಿ ಎದುರಾಳಿಯ ಭಾಗಕ್ಕೆ ಹೋದರೆ ಬೋನಸ್ ಅವರ ಪಾಲಾಗುತ್ತದೆ. ನನ್ನ ಮಾತು ಕೇಳಿದರೆ, ರೋಬೋಟ್ ಹತ್ತರಲ್ಲಿ ಒಂಬತ್ತು ಸಲ ಗೆರೆ ದಾಟದೆ ನಿಲ್ಲುವ ತನಕ ಆ ಓಟ ಬೇಡ.

ಕೊನೆಯ ಕೆಲವು ಸೆಕೆಂಡು ಉಳಿದಿವೆ: ಏಣಿಯ ಮೊದಲ ಹಂತ ಹತ್ತುವುದಾ, ಇನ್ನೂ ಜಾಗ ಇರುವ ಗೂಟದಲ್ಲಿ ಎದುರಾಳಿಯ ತುದಿ ರಿಂಗನ್ನು ಮುಚ್ಚುವುದಾ? ಹತ್ತಿದರೆ 3. ಮುಚ್ಚಿದರೆ ನಮಗೆ 3 ಬಂತು, ಅವರಿಗೆ 2 ಹೋಯಿತು, ಒಟ್ಟು 5. ಕೈಯಲ್ಲಿ ರಿಂಗ್ ಇದ್ದು ಗೂಟ ಹತ್ತಿರ ಇದ್ದರೆ ನಾನು ಮುಚ್ಚುತ್ತೇನೆ. ಪಾಸಿಟಿವ್ ಮೂಲೆಯ ಗೋಲಿಗೆ ಮಾತ್ರ ಆ ಹೊತ್ತಿನಲ್ಲಿ ಹೋಗುವ ಹಾಗಿಲ್ಲ, ಪಂದ್ಯದ ಕೊನೆಯ ಗಳಿಗೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಅಲ್ಲಿ ಮುಚ್ಚುವುದಿದ್ದರೆ ಮೊದಲೇ ಮುಚ್ಚಬೇಕು, ನಮಗೆ ಆ ನೀಲಿ ರೋಬೋಟ್ ಮಾಡಿದ ಹಾಗೆ.